ಒಂದು ಬುಡ, ಮೂರು ಕಾಂಡ

ಸ್ಪೊಲೇಟೊದಿಂದ ಟ್ರೇವಿಗೆ ಹೋಗುವ ಗುಡ್ಡದ ದಾರಿಯಲ್ಲಿ ಒಂಟಿ ಕಾಂಡದ ಆಲಿವ್ ಮರ ಸಿಗುವುದೇ ಕಷ್ಟ. ಎಲ್ಲಿ ನೋಡಿದರೂ ಒಂದೇ ಬುಡದಿಂದ ಮೂರು, ಕೆಲವೆಡೆ ನಾಲ್ಕು ಕಾಂಡಗಳು ಎದ್ದು, ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಕ್ಕೆ ಬಾಗಿ ನಿಂತಿವೆ. ನಡುವೆ ಒಬ್ಬ ಮನುಷ್ಯ ಆರಾಮಾಗಿ ಕೂರುವಷ್ಟು ಜಾಗ. ಇದೇಕೆ ಹೀಗೆ ಎಂದು ದಾರಿಪಕ್ಕದ ತೋಟದಲ್ಲಿ ಕೊಂಬೆ ಸವರುತ್ತಿದ್ದ ಅಜ್ಜನನ್ನು ಕೇಳಿದೆ. ಅವರು ಏಣಿಯ ಮೇಲಿಂದಲೇ ಒಂದು ಇಸವಿ ಹೇಳಿದರು: ‘ಐವತ್ತಾರು.’ ಇನ್ನೆರಡು ಕೊಂಬೆ ಕತ್ತರಿಸಿ ಮತ್ತೊಂದು ಹೇಳಿದರು: ‘ಎಂಬತ್ತೈದು.’

ಇಟಲಿಯ ನಟ್ಟನಡುವಿನ ಉಂಬ್ರಿಯಾ ಪ್ರಾಂತ್ಯಕ್ಕೆ ಸಮುದ್ರವಿಲ್ಲ. ಪಕ್ಕದ ಟಸ್ಕನಿಗೆ ಸಿಕ್ಕ ಹೆಸರೂ ಇದಕ್ಕಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು; ಕಾಲುದಾರಿಗಳು ಇನ್ನೂ ಊರವರ ಕೈಯಲ್ಲಿವೆ. ಸಂತ ಫ್ರಾನ್ಸಿಸ್‌ನ ಊರಾದ ಅಸ್ಸೀಸಿಯಿಂದ ಸ್ಪೊಲೇಟೊವರೆಗೆ ಬೆಟ್ಟದ ಸೊಂಟಕ್ಕೆ ಕಟ್ಟಿದ ಪಟ್ಟಿಯ ಹಾಗೆ ಸುಮಾರು 40 ಕಿಲೋಮೀಟರ್ ಉದ್ದಕ್ಕೂ ಆಲಿವ್ ತೋಟಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಈ ಇಳಿಜಾರನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾತ್ರಿಕರ ‘ವಿಯಾ ದಿ ಫ್ರಾಂಚೆಸ್ಕೊ’ ದಾರಿಯೂ ಇದರೊಳಗೇ ಹಾಯುತ್ತದೆ. ಕಲ್ಲುಗಳ ಮೇಲೆ ಬಳಿದ ಕೆಂಪು–ಬಿಳಿ ಪಟ್ಟೆ ಇಟಲಿಯ ಆಲ್ಪೈನ್ ಕ್ಲಬ್ಬಿನ ಗುರುತು. ಅದನ್ನು ಹಿಡಿದು ನಡೆದರೆ ಸಾಕು. ಟ್ರೇವಿ ಎಂದರೆ ಇಲ್ಲಿ ರೋಮಿನ ಕಾರಂಜಿಯಲ್ಲ, ಗುಡ್ಡದ ನೆತ್ತಿಗೆ ಸುರುಳಿ ಸುತ್ತಿಕೊಂಡು ಕೂತ ಒಂದು ಪುಟ್ಟ ಊರು.

ಅಜ್ಜನಿಗೆ ಇಟಾಲಿಯನ್ ಬಿಟ್ಟು ಬೇರೆ ಭಾಷೆ ಬಾರದು. ಬೇಲಿಯಂಚಿನಲ್ಲಿ ಕಾಡು ಶತಾವರಿಯ ಎಳೆ ಕುಡಿ ಆರಿಸುತ್ತಿದ್ದ ಮೊಮ್ಮಗಳು ಬಂದು ನಮ್ಮಿಬ್ಬರ ನಡುವೆ ನಿಂತಳು. ಏಪ್ರಿಲ್ ತಿಂಗಳು ಅದರ ಕಾಲ. ಆಲಿವ್ ನೆರಳಿನಲ್ಲಿ ತಾನಾಗಿ ಬೆಳೆಯುವ ಪೆನ್ಸಿಲ್‌ಗಿಂತ ತೆಳ್ಳನೆಯ, ಕಹಿ ಮುಂದಾದ ಈ ಕುಡಿಗಳನ್ನು ಮೊಟ್ಟೆಯೊಂದಿಗೆ ಬೇಯಿಸಿ ತಿನ್ನುತ್ತಾರೆ. ಅಜ್ಜ ಏಣಿ ಇಳಿದು ಬೂಟಿನ ಹಿಮ್ಮಡಿಯಿಂದ ಬುಡದ ಮಣ್ಣು ಕೆದರಿದರು. ಕೆಳಗೆ ಕಪ್ಪಗೆ, ಸ್ಪಂಜಿನಂತೆ ಪೊಳ್ಳಾದ ಹಳೆಯ ಬೊಡ್ಡೆಯ ಅಂಚು ಕಂಡಿತು. ಗರಗಸ ಆಡಿದ ಗುರುತು ಇನ್ನೂ ಮಟ್ಟಸವಾಗಿತ್ತು. ಅದರ ಸುತ್ತ ಮುಷ್ಟಿಗಾತ್ರದ ಗಂಟುಗಳು. ಮೂರು ಕಾಂಡಗಳೂ ಹೊರಟಿದ್ದು ಆ ಗಂಟುಗಳಿಂದ.

‘ಇದನ್ನು ಕಡಿದದ್ದು ನನ್ನಪ್ಪ. ನಾನು ಗರಗಸದ ಇನ್ನೊಂದು ತುದಿ ಹಿಡಿದಿದ್ದೆ,’ ಎಂದರು.

1956ರ ಜನವರಿ ಇಲ್ಲಿ ಬೆಚ್ಚಗಿತ್ತು. ಚಳಿಗಾಲ ಮುಗಿಯಿತೆಂಬಂತೆ ಮರಗಳಲ್ಲಿ ರಸ ಏರತೊಡಗಿತ್ತು. ಫೆಬ್ರುವರಿಯಲ್ಲಿ ಉತ್ತರದಿಂದ ಶೀತಗಾಳಿ ನುಗ್ಗಿ ವಾರಗಟ್ಟಲೆ ಕದಲಲಿಲ್ಲ. ಆಲಿವ್ ಮರ ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಕೆಳಗಿನವರೆಗೆ ಹೇಗೋ ತಾಳಿಕೊಳ್ಳುತ್ತದೆ. ಅದಕ್ಕೂ ಕೆಳಗಿಳಿದು ಅಲ್ಲೇ ನಿಂತರೆ ತೊಗಟೆಯಡಿಯ ರಸ ಹೆಪ್ಪುಗಟ್ಟಿ ಕಾಂಡ ಸೀಳುತ್ತದೆ. ರಸ ಏರಿದ ಮರಕ್ಕಂತೂ ಉಳಿಗಾಲವಿಲ್ಲ. ಮಧ್ಯ ಇಟಲಿಯ ಗುಡ್ಡಗುಡ್ಡಗಳೇ ಆ ವರ್ಷ ಬೆಂದ ಬಣ್ಣಕ್ಕೆ ತಿರುಗಿದವು. 1985ರ ಜನವರಿಯಲ್ಲಿ ಮತ್ತೆ ಅದೇ ಕಥೆ. ಫ್ಲಾರೆನ್ಸಿನ ಹೊರವಲಯದಲ್ಲಿ ಉಷ್ಣಾಂಶ ಮೈನಸ್ 23ಕ್ಕೆ ಇಳಿದಿತ್ತು.

ಆದರೆ ಆಲಿವ್ ಮರದ ಜೀವ ಇರುವುದು ಬೇರಿನ ಹತ್ತಿರದ ಆ ಗಂಟುಗಳಲ್ಲಿ. ಹಿಮ ಅಲ್ಲಿಗೆ ಇಳಿಯುವುದಿಲ್ಲ. ಸತ್ತ ಕಾಂಡವನ್ನು ನೆಲಮಟ್ಟಕ್ಕೆ ಕಡಿದರೆ, ಗೊನೆ ಕಡಿದ ಬಾಳೆಯ ಬುಡದಲ್ಲಿ ಕಂದು ಏಳುವಂತೆ, ಹೊಸ ಚಿಗುರು ಗುಂಪುಗುಂಪಾಗಿ ಏಳುತ್ತದೆ. ರೈತ ಅವುಗಳಲ್ಲಿ ಒಳ್ಳೆಯ ಮೂರ್ನಾಲ್ಕನ್ನು, ಒಂದರ ನೆರಳು ಇನ್ನೊಂದಕ್ಕೆ ಬೀಳದ ಹಾಗೆ ದೂರ ದೂರ ಇರುವುದನ್ನು ಆರಿಸಿ ಉಳಿದದ್ದನ್ನು ಸವರಿಹಾಕುತ್ತಾನೆ. ಬೇರು ಮುದಿಯಾದ್ದರಿಂದ ಹೊಸ ಕಾಂಡಕ್ಕೆ ಆಹಾರದ ಕೊರತೆಯಿಲ್ಲ. ಕೆಲವೇ ವರ್ಷಗಳಲ್ಲಿ ಕಾಯಿ ಕಚ್ಚುತ್ತದೆ. ಒಂದನ್ನೇ ಏಕೆ ಬಿಡುವುದಿಲ್ಲ ಎಂದು ಕೇಳಿದ್ದಕ್ಕೆ ಅಜ್ಜ ಮೂರು ಬೆರಳು ಎತ್ತಿ, ಒಂದೊಂದಾಗಿ ಮಡಚಿದರು. ಒಂದಕ್ಕೆ ಹುಳ ಬಿದ್ದರೆ, ಇನ್ನೊಂದು ಗಾಳಿಗೆ ಮುರಿದರೆ, ಮೂರನೆಯದು ಮನೆ ನಡೆಸುತ್ತದೆ.

ಅಲ್ಲಿಂದ ಮುಂದೆ ನನಗೆ ದಾರಿಗಿಂತ ಬುಡಗಳೇ ಹೆಚ್ಚಾದವು. ಕಾಂಡಗಳ ದಪ್ಪ ನೋಡಿ ಇದು ಐವತ್ತಾರರದ್ದು, ಅದು ಎಂಬತ್ತೈದರದ್ದು ಎಂದು ಊಹಿಸುತ್ತ ಪೊರೇಟಾ ಎಂಬ ಊರು ದಾಟಿದೆ. ಹೀಗೆ ನೋಡತೊಡಗಿದರೆ ಆಲಿವ್ ಮರದ ವಯಸ್ಸೆಂಬ ಮಾತೇ ಕೈಜಾರುತ್ತದೆ. ಬೇರಿಗೆ ಮುನ್ನೂರು ವರ್ಷವಾಗಿರಬಹುದು, ಅದೇ ಮರದ ಕಾಂಡ ನನಗಿಂತ ಚಿಕ್ಕದಿರಬಹುದು. ಟ್ರೇವಿಯ ಕೆಳಗೆ ಬೊವಾರಾ ಎಂಬಲ್ಲಿ ಸಂತ ಎಮಿಲಿಯಾನೊನ ಹೆಸರಿನ ಮರವೊಂದಿದೆ. 304ನೇ ಇಸವಿಯಲ್ಲಿ ಟ್ರೇವಿಯ ಬಿಷಪ್ ಎಮಿಲಿಯಾನೊನನ್ನು ಅದಕ್ಕೆ ಕಟ್ಟಿ ತಲೆ ಕಡಿದರೆಂದು ಐತಿಹ್ಯ. ಹಾಗಾಗಿ ಊರವರ ಲೆಕ್ಕದಲ್ಲಿ ಮರಕ್ಕೆ 1700 ವರ್ಷ. ತಿರುಚಿ ಸೀಳಿದ ಅದರ ಕಾಂಡದ ಒಳಗೆಲ್ಲ ಟೊಳ್ಳು; ವಯಸ್ಸು ಎಣಿಸುವ ಉಂಗುರಗಳೇ ಇಲ್ಲ. ಆ ಸಂಖ್ಯೆಯನ್ನು ನಾನು ಪೂರ್ತಿ ಒಪ್ಪಲಾರೆ. ಆದರೆ ಐವತ್ತಾರನ್ನೂ ಎಂಬತ್ತೈದನ್ನೂ ಉಳಿದು ಬಂದ ಆ ಮರದ ಎದುರು ನಿಂತಾಗ ಸಾವಿರ ವರ್ಷವಾದರೂ ಆಗಿರಲೇಬೇಕು ಎಂದು ಮನಸ್ಸು ವಾದಿಸಿತು.

ಸುತ್ತಲಿನ ತೋಟಗಳ ಮುಖ್ಯ ತಳಿ ಮೊರಾಯೊಲೊ. ಕಾಯಿ ಚಿಕ್ಕದು, ಎಣ್ಣೆ ಖಾರ, ಕಲ್ಲುನೆಲದ ಒಕ್ಕಲು. ಅಂದಹಾಗೆ ಆಲಿವ್ ನಮ್ಮ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಅದರ ಸಂಬಂಧಿ ಓಲಿಯಾ ಡಯೋಯಿಕಾ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇದೆ.

ಈ ಗುಡ್ಡಗಳೆಲ್ಲ ಸುಣ್ಣಕಲ್ಲಿನವು. ಮಳೆ ಬಿದ್ದ ನೀರು ಮೇಲೆ ನಿಲ್ಲದೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಗೋಧಿಗೆ ಅಲ್ಲಿ ಬದುಕಿಲ್ಲ. ಬೇರು ನೀರಿನಲ್ಲಿ ನಿಂತರೆ ಕೊಳೆಯುವ ಆಲಿವ್‌ಗೆ ಅದೇ ಹಿತ. ಚಳಿಯೂ ಇಲ್ಲಿ ಅದರ ಪಕ್ಷ. ಶೀತಲ ಗಾಳಿ ಭಾರವಾಗಿ ಕಣಿವೆಗೆ ಜಾರುವುದರಿಂದ ಮಾಮೂಲಿ ಚಳಿಗಾಲದಲ್ಲಿ ಮಂಜು ಕೆಳಗೇ ಉಳಿದು ಇಳಿಜಾರು ಬೆಚ್ಚಗಿರುತ್ತದೆ. ಇರುವ ಕೈಯಷ್ಟು ಮಣ್ಣೂ ಕೊಚ್ಚಿಹೋಗದಿರಲೆಂದು ಹಿಂದಿನವರು ಒಂದೊಂದು ಮರದ ಕೆಳಬದಿಗೂ ಅರ್ಧಚಂದ್ರಾಕಾರದ ಕಲ್ಲುಕಟ್ಟೆ ಕಟ್ಟಿದ್ದಾರೆ. ಹೆಸರು ಲುನೆಟ್ಟಾ. ಗಾರೆಯಿಲ್ಲ, ಹೊಲದಲ್ಲಿ ಎದ್ದ ಕಲ್ಲನ್ನೇ ಹೊಂದಿಸಿಟ್ಟದ್ದು. ಅಜ್ಜನ ತೋಟದಲ್ಲಿ ಒಂದು ಕಟ್ಟೆಯ ಕಲ್ಲು ಸರಿದಿತ್ತು. ಮಾತಾಡುತ್ತಲೇ ಅವರು ಅದನ್ನು ಎತ್ತಿ, ಎರಡು ಸಲ ತಿರುಗಿಸಿ, ಮೂಲೆ ಕೂರುವಂತೆ ಇಟ್ಟು ಅಂಗೈಯಿಂದ ಬಡಿದರು.

ಗುಡ್ಡದೊಳಗೆ ಇಳಿದ ನೀರು ಎಲ್ಲಿ ಹೋಯಿತೆಂದು ತಿಳಿಯಲು ಕಾಂಪೆಲ್ಲೊ ಎಂಬ ಊರಿನಲ್ಲಿ ಇಳುಕಲು ಹಿಡಿಯಬೇಕು. ಒಣಕಲ್ಲಿನ ತೋಟಗಳು ಮುಗಿದು, ಕ್ರಿಸ್ತಪೂರ್ವ 220ರ ರೋಮನ್ ಫ್ಲಾಮಿನಿಯಾ ಹೆದ್ದಾರಿಯ ಜಾಡಿನಲ್ಲಿರುವ ಇಂದಿನ ರಸ್ತೆಯ ಅಂಚಿನಲ್ಲಿ ನೆಲದೊಳಗಿಂದಲೇ ಹೊಳೆಯೊಂದು ಎದ್ದುಬರುತ್ತದೆ. ಅದು ಕ್ಲಿತುನ್ನೊ. ತಳದ ಮರಳು ಅಲ್ಲಲ್ಲಿ ಮೆಲ್ಲಗೆ ಕುದಿಯುವಂತೆ ಕದಲುತ್ತಿರುತ್ತದೆ, ಒರತೆ ಹೊರಡುವ ಜಾಗ ಅದು. ನೀರು ಎಷ್ಟು ತಿಳಿಯೆಂದರೆ ಜೊಂಡಿನ ಎಳೆ ಎಳೆಯೂ ಎಣಿಸಬಹುದು. ಬಿಳಿ ಎತ್ತುಗಳು ಇದರಲ್ಲಿ ಮಿಂದೇ ಬಿಳಿಯಾದವೆಂದು ರೋಮನ್ನರು ನಂಬಿದ್ದರು. ವರ್ಜಿಲ್ ಅವನ್ನು ನೆನೆದಿದ್ದಾನೆ, ಕಲಿಗುಲ ಚಕ್ರವರ್ತಿ ನೋಡಲು ಬಂದಿದ್ದ, ಬೈರನ್ ಮತ್ತು ಕಾರ್ದುಚ್ಚಿ ಕವಿತೆ ಬರೆದರು. ಹತ್ತಿರದ ಪುಟ್ಟ ಗುಡಿಯನ್ನು ಪಲ್ಲಾಡಿಯೊ ತನ್ನ 1570ರ ವಾಸ್ತುಗ್ರಂಥದಲ್ಲಿ ಪ್ರಾಚೀನ ರೋಮನ್ ದೇವಾಲಯಗಳ ಜತೆ ಚಿತ್ರಿಸಿದ್ದ. ಈಗಿನ ವಿದ್ವಾಂಸರ ಪ್ರಕಾರ ಅದು ಮಧ್ಯಯುಗದ ಆರಂಭದ ಇಗರ್ಜಿ. 2011ರಲ್ಲಿ ಅದು ಲೊಂಬಾರ್ಡರ ಕಾಲದ ತಾಣಗಳೊಂದಿಗೆ ಯುನೆಸ್ಕೊ ಪಟ್ಟಿಗೆ ಬಂತು.

ಇವರೆಲ್ಲರಿಗಿಂತ ನನಗೆ ಹತ್ತಿರದವನು ರೋಮನ್ ಲೇಖಕ ಕಿರಿಯ ಪ್ಲಿನಿ. ಗೆಳೆಯನಿಗೆ ಬರೆದ ಪತ್ರದಲ್ಲಿ ಆತ ತಳದಲ್ಲಿ ಮಿನುಗುವ ನಾಣ್ಯಗಳನ್ನೂ, ಹಿಮದಷ್ಟು ತಣ್ಣನೆಯ ನೀರನ್ನೂ, ಹರಿವಿನ ಜೊತೆ ಹೋದರೆ ಹುಟ್ಟು ಬೇಡ, ಎದುರು ಹೋದರೆ ಹುಟ್ಟಿದ್ದರೂ ಸಾಲದು ಎನ್ನುವಷ್ಟು ಬಿರುಸನ್ನೂ ವರ್ಣಿಸಿದ್ದಾನೆ. ಇಂದಿನ ಕೊಳ 19ನೇ ಶತಮಾನದಲ್ಲಿ ಸ್ಥಳೀಯ ಕೌಂಟ್ ಒಬ್ಬರು ಅಂದಗೊಳಿಸಿದ್ದು; ದೋಣಿ ನಡೆಸುವ ಬಿರುಸು ಈಗಿಲ್ಲ. ಆದರೂ ಮೇಲೆ ಮರಕ್ಕೆ ನಿರಾಕರಿಸಿದ ನೀರನ್ನು ಅದೇ ಬೆಟ್ಟ ಕೆಳಗೆ ಹೊಳೆಯಾಗಿ ಕೊಡುವುದನ್ನು ಕಾಲ್ನಡಿಗೆಯಲ್ಲಿ ಕಾಣುವ ಸುಖವೇ ಬೇರೆ. ಕಾರಿನಲ್ಲಿ ಬಂದು ಕೊಳದ ಫೋಟೊ ತೆಗೆದು ಹೋಗುವವರಿಗೆ ಈ ಸಂಬಂಧ ಕಾಣಿಸುವುದಿಲ್ಲ.

ಎಣ್ಣೆಯ ರುಚಿ ಮಾತ್ರ ಇದಕ್ಕೂ ಮುಂಚೆ, ಅಜ್ಜನ ಮನೆಯಲ್ಲೇ ಆಗಿತ್ತು. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಹಸಿರೆಣ್ಣೆ ಧಾರಾಳವಾಗಿ ಸುರಿದರು. ನುಂಗಿದ ಮೇಲೆ ಗಂಟಲ ಹಿಂಭಾಗ ಚುರ್ರೆಂದು ಕೆಮ್ಮು ಬಂತು. ಮೊಮ್ಮಗಳು ಖುಷಿಪಟ್ಟಳು, ಕೆಮ್ಮು ಬಂದರೇ ಎಣ್ಣೆ ಒಳ್ಳೆಯದೆಂದು ಲೆಕ್ಕ. ಅದಕ್ಕೆ ಕಾರಣ ಓಲಿಯೊಕ್ಯಾಂಥಾಲ್ ಎಂಬ ವಸ್ತು. ಅದು ನೋವುನಿವಾರಕ ಐಬುಪ್ರೊಫೆನ್ನಿನಂತೆ ಕೆಲಸ ಮಾಡುತ್ತದೆಂದು ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ಉಂಬ್ರಿಯಾದ ಎಣ್ಣೆಗೆ 1997ರಿಂದ ಯುರೋಪಿನ ಮೂಲಸ್ಥಾನ ಮುದ್ರೆಯಿದೆ. ದೇಶದ ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಅಲ್ಪ, ಆದರೂ ನನ್ನ ನಾಲಿಗೆಗೆ ಇದರ ಮುಂದೆ ಬೇರೆಯದು ಸಪ್ಪೆ. ಇದಕ್ಕಾಗಿಯೇ ಹೋಗುವವರು ನವೆಂಬರ್ ಆರಿಸಿಕೊಳ್ಳಿ, ಗಾಣಗಳು ಹಗಲಿರುಳೂ ತಿರುಗುವ ತಿಂಗಳದು. ರೋಮಿನಿಂದ ಸ್ಪೊಲೇಟೊಗೆ ನೇರ ರೈಲಿದೆ.

ಅಜ್ಜನಿಗೆ ಈಗ ಹಿಮದ ಭಯಕ್ಕಿಂತ ನೊಣದ ಭಯ ಹೆಚ್ಚು. ಚಳಿಗಾಲ ಬೆಚ್ಚಗಾದಷ್ಟೂ ಮಣ್ಣಿನಲ್ಲಿ ಅವಿತ ಆಲಿವ್ ನೊಣದ ಕೋಶಗಳು ಸಾಯದೆ ಉಳಿಯುತ್ತವೆ. 2014ರಲ್ಲಿ ಮಧ್ಯ ಇಟಲಿಯ ಫಸಲನ್ನು ಅದು ಕೆಡಿಸಿಹಾಕಿತು. ಕೂಲಿಗೆ ಜನ ಸಿಗದ್ದು ಇನ್ನೊಂದು ಕಷ್ಟ. ಬಯಲಿನ ತೋಟಗಳಲ್ಲಿ ಕಾಂಡವನ್ನು ಹಿಡಿದು ಅಲುಗಾಡಿಸಿ ಕಾಯಿ ಉದುರಿಸುವ ಯಂತ್ರ ಬಂದಿದೆ. ಅದರ ಇಕ್ಕಳಕ್ಕೆ ಒಂಟಿ ಕಾಂಡ ಬೇಕು. ಮೂರು ಕಾಂಡದ ಮರ ಅದಕ್ಕೆ ಒಗ್ಗುವುದಿಲ್ಲ, ಇಳಿಜಾರಿಗಂತೂ ಅದು ಹತ್ತುವುದೇ ಇಲ್ಲ. ಪೆರುಜಿಯಾದಲ್ಲಿ ಕೃಷಿ ಓದುತ್ತಿರುವ ಮೊಮ್ಮಗಳ ವಾದ, ಎರಡು ಕಾಂಡ ತೆಗೆದು ಒಂದನ್ನೇ ಉಳಿಸಿದರೆ ತೋಟ ಉಳಿದೀತು ಎಂದು. ಅಜ್ಜ ಒಪ್ಪದೆ ತಲೆಯಾಡಿಸಿದರು. ನನ್ನ ಮನಸ್ಸು ಅಜ್ಜನ ಕಡೆಗೇ ಇದೆ, ಆದರೆ ನಾಳೆ ಏಣಿ ಹತ್ತಬೇಕಾದವಳು ಅವಳು. ಕೊನೆಗೆ, ರಸ್ತೆಗೆ ಹತ್ತಿರವಿರುವ ಕೆಳಗಿನ ಎರಡು ಸಾಲು ಅವಳ ಪ್ರಯೋಗಕ್ಕೆ, ಮೇಲಿನದೆಲ್ಲ ಈಗಿದ್ದಂತೆ ಎಂದು ಇಬ್ಬರ ನಡುವೆ ಒಪ್ಪಂದವಾಗಿದೆಯಂತೆ. ಮುಂದಿನ ಮಾರ್ಚ್‌ನಲ್ಲಿ ಅವಳು ಗರಗಸ ಹಿಡಿಯುತ್ತಾಳೆ.