ಮೊಬೈಲ್ ಪಂಪು ಪೆಟ್ಟಿಗೆಯು ಮೂಕವಾದರೆ ಮಾಡತಕ್ಕ ಉಪಾಯ

ಗೋಕಾಕ ಸೀಮೆಗೆ ವಿದ್ಯುತ್ತು ಹೊಸತಲ್ಲ. 1887ರಲ್ಲಿಯೇ ಇಲ್ಲಿಯ ಜಲಪಾತದ ಬಳಿ ನೀರಿನ ಬಲದಿಂದ ಅದನ್ನು ಉತ್ಪಾದಿಸಲಾಗಿತ್ತು. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜಮೀನುದಾರರು ಘಟಪ್ರಭೆಯಿಂದಲೂ ಬಾವಿಗಳಿಂದಲೂ ಕಬ್ಬಿಗೆ ವಿದ್ಯುತ್ ಪಂಪಿನಿಂದ ನೀರೆತ್ತುತ್ತಾರೆ. ಮೊಬೈಲ್ ಸಂದೇಶದಿಂದ ಪಂಪನ್ನು ನಡೆಸುವ ಪೆಟ್ಟಿಗೆಯಿದ್ದಲ್ಲಿ ಕತ್ತಲೆಯಲ್ಲಿ ಹೊಲಕ್ಕೆ ಹೋಗುವ ಕಷ್ಟವು ತಪ್ಪುತ್ತದೆ. ಆದರೆ ಪೆಟ್ಟಿಗೆಯು ಮೂಕವಾದರೆ ಪಂಪು ನಿಲ್ಲದೆ ಭೂಮಿಯು ಜವುಳಾಗುವುದು. ಬಾವಿಯ ನೀರು ತೀರಿದ್ದರೆ ಮೋಟಾರೇ ಸುಡುವ ಸಂಭವವುಂಟು.

ಇಂಥ ಪೆಟ್ಟಿಗೆಯಲ್ಲಿ ಎರಡು ಅಂಗಗಳಿರುತ್ತವೆ. ಮೈಕ್ರೋಕಂಟ್ರೋಲರ್ ಬೋರ್ಡು ಗೌಡನಂತೆ ಆಜ್ಞೆ ಕೊಡುವುದು. ಜಿಎಸ್ಎಂ ಮಾಡ್ಯೂಲು ವಾಲೀಕಾರನಂತೆ ಸುದ್ದಿಯನ್ನು ತರುವುದು. ವಾಲೀಕಾರನು ಸ್ತಬ್ಧನಾದರೆ ಅವನನ್ನು ಎಚ್ಚರಿಸುವುದಕ್ಕಾಗಿ ಮಾಡ್ಯೂಲಿನಲ್ಲಿ ರೀಸೆಟ್ ಎಂಬ ಪಿನ್ನು ಇರುತ್ತದೆ.

ಸಿಮ್800ಎಲ್ ಮಾಡ್ಯೂಲಿನಲ್ಲಿ ಈ ಪಿನ್ನನ್ನು 105 ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಗ್ರೌಂಡಿಗೆ ಇಳಿಸಿ ಬಿಟ್ಟರೆ ಅದು ಹೊಸದಾಗಿ ಆರಂಭವಾಗುವುದು. 200 ಮಿಲಿಸೆಕೆಂಡು ಇಟ್ಟುಕೊಳ್ಳುವುದು ಲೇಸು. ಆರ್ಡುಯಿನೋ ಉನೋ ಬೋರ್ಡಿನ 5 ವೋಲ್ಟನ್ನು ಈ ಪಿನ್ನಿಗೆ ನೇರವಾಗಿ ಕೊಡತಕ್ಕದ್ದಲ್ಲ. ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರನ್ನು ಇಡಬೇಕು: ಕಲೆಕ್ಟರು ರೀಸೆಟ್ ಪಿನ್ನಿಗೆ, ಎಮಿಟರು ಗ್ರೌಂಡಿಗೆ, ಬೇಸು 10 ಕಿಲೋ-ಓಮ್ ರೆಸಿಸ್ಟರಿನ ಮೂಲಕ ಬೋರ್ಡಿಗೆ. ಎರಡೂ ಅಂಗಗಳ ಗ್ರೌಂಡು ಒಂದೇ ಆಗಿರತಕ್ಕದ್ದು.

ಬೋರ್ಡು ನಿಮಿಷಕ್ಕೊಮ್ಮೆ "ಎಟಿ" ಎಂದು ಕೇಳಲಿ. ಮಾಡ್ಯೂಲು ಸ್ವಸ್ಥವಾಗಿದ್ದರೆ "ಓಕೆ" ಎನ್ನುವುದು. ಸತತವಾಗಿ ಮೂರು ಸಲ ಉತ್ತರ ಬಾರದಿದ್ದರೆ ಮಾತ್ರ ರೀಸೆಟ್ ಮಾಡಿ, ಅರ್ಧ ನಿಮಿಷ ಕಾಯ್ದು, ಸಂದೇಶದ ವ್ಯವಸ್ಥೆಗಳನ್ನು ಮತ್ತೆ ಹೇಳಿಕೊಡಬೇಕು. ಮೂರು ರೀಸೆಟ್ಟುಗಳಿಂದಲೂ ಫಲವಾಗದಿದ್ದರೆ ದೋಷವು ಬೇರೆಡೆ ಇದೆಯೆಂದು ತಿಳಿಯಬೇಕು. ಈ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟು ಬೇಕು. ಸಂದೇಶ ಕಳಿಸುವಾಗ ಕ್ಷಣಕಾಲ 2 ಆಂಪಿಯರಿನಷ್ಟು ಎಳೆಯುವುದು. ದುರ್ಬಲವಾದ ಪವರ್ ಸಪ್ಲೈ ಇದ್ದಲ್ಲಿ ರೀಸೆಟ್ ಎಷ್ಟು ಸಲ ಮಾಡಿದರೂ ವ್ಯರ್ಥ. ಇದು 2ಜಿ ಜಾಲದಲ್ಲಿ ಮಾತ್ರ ನಡೆಯುವುದರಿಂದ ಸಿಮ್ಮನ್ನೂ ಅದಕ್ಕನುಸಾರವಾಗಿ ಆರಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಇದು: ವಾಲೀಕಾರನು ಎಚ್ಚರಗೊಳ್ಳುವ ತನಕ ಪಂಪು ಅನಾಥವಾಗಿರಬಾರದು. ನಿಯಮಿತ ವೇಳೆ ಮೀರಿದೊಡನೆ ಬೋರ್ಡು ತಾನೇ ಮೋಟಾರನ್ನು ನಿಲ್ಲಿಸುವಂತೆಯೂ, ರೀಸೆಟ್ಟಿನಿಂದ ಪಂಪು ತಾನಾಗಿ ಹೊರಡದಂತೆಯೂ ಏರ್ಪಡಿಸಬೇಕು. ಮೇನ್ ಸ್ವಿಚ್ಚನ್ನು ಆರಿಸದೆ ಪೆಟ್ಟಿಗೆಯನ್ನು ತೆರೆಯಕೂಡದು. ಗ್ರಾಮದ ಮುಖಂಡರು ಬೇಸಿಗೆಗೆ ಮುಂಚಿತವಾಗಿಯೇ ಬಲ್ಲ ವಿದ್ಯುತ್ ಕೆಲಸಗಾರನಿಂದ ಊರಿನ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿಸಿದರೆ ನೀರೂ ಮೋಟಾರೂ ಉಳಿಯುವುವು.