ನೆನಪು ಹಾರ್ಡ್ ಡಿಸ್ಕ್ ಅಲ್ಲ

ಪೆನ್‌ಡ್ರೈವ್‌ನಲ್ಲಿ ಫೈಲ್ ಡಿಲೀಟ್ ಆದ್ರೆ ನಾವೇನು ಮಾಡ್ತೀವಿ? ರಿಕವರಿ ಸಾಫ್ಟ್‌ವೇರ್ ಹಾಕ್ತೀವಿ. ಫೈಲ್ ಒಳಗೆ ಎಲ್ಲೋ ಇದ್ದೇ ಇರತ್ತೆ, ಸರಿಯಾಗಿ ಹುಡುಕಿದ್ರೆ ಇದ್ದ ಹಾಗೇ ಸಿಗತ್ತೆ ಅನ್ನೋ ನಂಬಿಕೆ. ನಮ್ಮ ತಲೆಯೊಳಗಿನ ನೆನಪೂ ಹೀಗೇ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಆದರೆ ಟ್ರಾಮಾಗೆ, ಅಂದರೆ ಮಾನಸಿಕ ಆಘಾತಕ್ಕೆ, ಚಿಕಿತ್ಸೆ ಕೊಡುವವರೂ ಹೀಗೇ ನಂಬಿದರೆ?

ಹೋಲಿಸುವುದೇ ಆದರೆ ನೆನಪು ಡಿರ್ಯಾಮ್‌ಗೆ ಹತ್ತಿರ. ಡಿರ್ಯಾಮ್‌ನಲ್ಲಿ ಒಂದು ಬಿಟ್ ಓದಿದರೆ ಕೆಪಾಸಿಟರ್‌ನ ಚಾರ್ಜ್ ಹಾಳಾಗುತ್ತದೆ, ಮತ್ತೆ ಬರೆಯಬೇಕು. ಡಿರ್ಯಾಮ್ ಇದ್ದದ್ದನ್ನೇ ಬರೆಯುತ್ತದೆ, ನಾವು ಹಾಗಲ್ಲ. ನೆನಪಿಸಿಕೊಂಡಾಗಲೆಲ್ಲ ಘಟನೆಯನ್ನು ಹೊಸದಾಗಿ ಕಟ್ಟುತ್ತೇವೆ. ಆ ಹೊತ್ತಿಗೆ ಯಾರೋ ಕೇಳಿದ ಪ್ರಶ್ನೆಯೂ ಅದರೊಳಗೆ ಸೇರಿಬಿಡಬಹುದು.

1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. 50 ಜನರಿಗೆ 'ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?' ಅಂತ ಕೇಳಿದರು, ಇನ್ನು 50 ಜನರಿಗೆ 'ತಾಗಿದಾಗ' ಅಂತ. ವಾರದ ನಂತರ 'ಒಡೆದ ಗಾಜು ನೋಡಿದ್ರಾ?' ಎಂದು ಕೇಳಿದಾಗ ಮೊದಲ ಗುಂಪಿನ 16 ಜನ, ಎರಡನೆಯದರಲ್ಲಿ 7 ಜನ ಹೌದು ಅಂದರು. ಫಿಲ್ಮ್‌ನಲ್ಲಿ ಗಾಜು ಒಡೆದೇ ಇರಲಿಲ್ಲ! ಬದಲಾಗಿದ್ದು ಒಂದೇ ಪದ.

ಈಗ ಒಂದು ಪದದ ಬದಲು ತಿಂಗಳುಗಟ್ಟಲೆ ಪ್ರಶ್ನೆಗಳನ್ನು ಊಹಿಸಿಕೊಳ್ಳಿ. 1980-90ರ ದಶಕಗಳಲ್ಲಿ ಅಮೆರಿಕದ ಕೆಲವು ಥೆರಪಿಸ್ಟ್‌ಗಳು ಆತಂಕ, ಊಟದ ಸಮಸ್ಯೆ ಇದ್ದವರ ಒಳಗೆ ಬಾಲ್ಯದ ದೌರ್ಜನ್ಯದ ನೆನಪು ಹೂತುಹೋಗಿದೆ ಎಂದು ನಂಬಿ, ಸಂಮೋಹನ ಮತ್ತು ಔಷಧ ಬಳಸಿ ಅದನ್ನು 'ಹೊರತೆಗೆಯಲು' ಹೊರಟರು. ಕ್ಯಾಲಿಫೋರ್ನಿಯಾದಲ್ಲಿ ಊಟದ ಸಮಸ್ಯೆಗೆ ಚಿಕಿತ್ಸೆಗೆ ಹೋದ ಯುವತಿಗೆ ತಂದೆಯೇ ಅತ್ಯಾಚಾರ ಮಾಡಿದ್ದ ಎಂಬ ನೆನಪುಗಳು ಬರತೊಡಗಿದವು. ಸೋಡಿಯಂ ಅಮಿಟಾಲ್ ಕೊಟ್ಟೂ ವಿಚಾರಿಸಲಾಯಿತು. ಆರೋಪ ಅಲ್ಲಗಳೆದ ತಂದೆ ಕೋರ್ಟಿಗೆ ಹೋದರು. 1994ರಲ್ಲಿ ಜ್ಯೂರಿ ಚಿಕಿತ್ಸೆ ಕೊಟ್ಟವರದ್ದು ನಿರ್ಲಕ್ಷ್ಯ ಎಂದು ಹೇಳಿ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಸಂಸಾರ ಒಡೆದು ಹೋಗಿತ್ತು.

ಹಾಗಂತ 'ನೊಂದವರು ಹೇಳೋದೆಲ್ಲ ಕಲ್ಪನೆ' ಅನ್ನೋದು ಅಷ್ಟೇ ದೊಡ್ಡ ತಪ್ಪು. ಆಘಾತ ಅನುಭವಿಸಿದ ಹೆಚ್ಚಿನವರಿಗೆ ಅದು ಮರೆಯುವುದೇ ಇಲ್ಲ. ಅದೇ ಅವರ ಕಷ್ಟ. ವರ್ಷಗಟ್ಟಲೆ ಬಾಯಿಬಿಡದೇ ಇರಬಹುದು. ತಾರೀಖು, ಯಾವುದಾದ ಮೇಲೆ ಯಾವುದು ಎಂಬುದು ತಪ್ಪಬಹುದು. ಭಯದಲ್ಲಿ ಗಮನ ಒಂದೆರಡು ವಿಷಯಕ್ಕೇ ಅಂಟಿಕೊಳ್ಳುತ್ತದೆ. ವಿವರ ತಪ್ಪಿದ ಮಾತ್ರಕ್ಕೆ ಘಟನೆ ಸುಳ್ಳಲ್ಲ. ವಿವರ ಸ್ಪಷ್ಟವಾಗಿದ್ದ ಮಾತ್ರಕ್ಕೆ ನಿಜವೂ ಅಲ್ಲ. ಎರಡೂ ತಪ್ಪು ಹುಟ್ಟೋದು ಅದೇ 'ಹಾರ್ಡ್ ಡಿಸ್ಕ್' ನಂಬಿಕೆಯಿಂದ.

ಅದಕ್ಕೇ ಒಳ್ಳೆಯ ಚಿಕಿತ್ಸೆ ಕಳೆದುಹೋದ ಫೈಲ್ ಹುಡುಕುವುದಿಲ್ಲ. ಆ ವ್ಯಕ್ತಿಗೆ ಈಗಾಗಲೇ ನೆನಪಿರುವುದರಿಂದ ಶುರುಮಾಡಿ, ಆ ನೆನಪಿನ ಹಿಡಿತ ಸಡಿಲಿಸಲು ನೋಡುತ್ತದೆ.

ನಾವು ಥೆರಪಿಸ್ಟ್‌ಗಳಲ್ಲ. ಆದ್ರೆ ಹಾಸ್ಟೆಲ್‌ನಲ್ಲಿ ರಾತ್ರಿ ಒಂದು ಗಂಟೆಗೆ ಗೆಳೆಯನೋ ಗೆಳತಿಯೋ ಮಾತು ಶುರು ಮಾಡಿದಾಗ ಎದುರಿಗೆ ಇರೋರು ನಾವೇ. ಆಗ 'ಅವ್ನು ಹೀಗ್ ಮಾಡಿದ್ನಾ?' ಅಂತ ಬಾಯಿಗೆ ಮಾತು ತುರುಕೋದು ಬೇಡ. 'ಹೇಳ್ಬೇಕು ಅನ್ಸಿದಷ್ಟು ಹೇಳು' ಅಂದರೆ ಸಾಕು. ಬಿಟ್ಟ ಜಾಗ ನಾವು ತುಂಬೋದು ಬೇಡ. ಆಮೇಲೆ, ಅವರು ಒಪ್ಪಿದರೆ, ಜೊತೆಗೆ ಕೂತು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡೋಣ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.