ಪಾಲು ಹಾಲಾದುದು ಹೇಗೆ?

ಗೋಷ್ಠಿಯೊಂದರ ಬಳಿಕ ಹಿರಿಯರೊಬ್ಬರು ಕೇಳಿದರು: ನಮ್ಮ ‘ಹಾಲು’ ತಮಿಳಿನ ‘ಪಾಲ್’ನಿಂದ ಹುಟ್ಟಿದುದೇ?

ಅಲ್ಲ. ಎರಡೂ ಒಂದೇ ದ್ರಾವಿಡ ಮೂಲದ ಒಡಹುಟ್ಟುಗಳು. 10ನೆಯ ಶತಮಾನದ ಪಂಪನಲ್ಲಿ ಪಾಲ್, ಪೆಸರ್, ಪೂ ಎಂಬ ರೂಪಗಳೇ ಇವೆ. ಮುಂದೆ ಕನ್ನಡದಲ್ಲಿ ಪದಾದಿಯ ಪಕಾರವು ಕ್ರಮೇಣ ಹಕಾರವಾಯಿತು. ತಮಿಳು, ತೆಲುಗುಗಳು ಅದನ್ನು ಉಳಿಸಿಕೊಂಡವು. ಸಂಸ್ಕೃತದ ‘ಪರ್ವ’ವೂ ತದ್ಭವವಾಗಿ ಈ ಅಲೆಗೆ ಸಿಲುಕಿ ‘ಹಬ್ಬ’ವಾಯಿತು. ಪೂಜೆ, ಪುಣ್ಯಗಳು ಮಾತ್ರ ಕದಲಲಿಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಹಕಾರವೂ ಜಾರಿ ‘ಆಲು’ ಎನ್ನುವುದುಂಟು. ಹಾಗೆಂದ ಮಗುವನ್ನು ಕಂಡು ತರಗತಿಯೇ ನಗುತ್ತದೆ; ಕೆಲವೊಮ್ಮೆ, ವಿಷಾದದ ಸಂಗತಿ, ಗುರುಗಳೂ ನಗುತ್ತಾರೆ. ಬರವಣಿಗೆಯಲ್ಲಿ ತಿದ್ದಬೇಕು, ನಿಜ. ಆದರೆ ಅದು ನಾಲಗೆಯ ಸೋಮಾರಿತನವಲ್ಲ. ಪಾಲನ್ನು ಹಾಲಾಗಿಸಿದ ಸಡಿಲಿಕೆಯದೇ ಮುಂದಿನ ಹೆಜ್ಜೆ.